ಕೆರೆಮಣ್ಣಿನ ಡೈನೋಸಾರ್

ಪಕ್ಕದ ಮನೆಯ ಹುಡುಗಿ ಮೊನ್ನೆ ನಮ್ಮ ಕಟ್ಟೆಯ ಮೇಲೆ ಕೂತು, ಅಂಗಡಿಯಿಂದ ತಂದ ಬಣ್ಣದ ಮಣ್ಣಿನಲ್ಲಿ ಡೈನೋಸಾರ್ ಮಾಡುತ್ತಿದ್ದಳು. ಶಾಲೆಗೆ ಮಾಡಿಕೊಂಡು ಹೋಗಬೇಕಂತೆ. ಆ ಮಣ್ಣಿಗೆ ಸೀಮೆಎಣ್ಣೆಯಂಥ ವಾಸನೆ. "ಅಜ್ಜಿ, ಇದರ ಬಾಲ ನಿಲ್ಲವಲ್ದು, ಸ್ವಲ್ಪ ಹಿಡೀರಿ" ಎಂದಳು. ಹಿಡಿದೆ. ಹಿಡಿದದ್ದು ಕೈಯಿಂದ ಜಾರಿ ಬಿತ್ತು. ವಯಸ್ಸಾಯಿತು ಎಂದು ಅವಳಿಗೆ ಹೇಳಿದೆ. ನಿಮಗೆ ಸುಳ್ಳು ಹೇಳಲಾರೆ.

ಹಾನಗಲ್ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾನು ಐದನೇ ತರಗತಿಗೆ ಕಲಿಸುತ್ತಿದ್ದಾಗಿನ ಮಾತು. ಆದಿಕಾಲದ ಪ್ರಾಣಿಗಳ ಪಾಠವೆಂದರೆ ನನಗೆ ಎಲ್ಲಿಲ್ಲದ ಹುರುಪು. ಚಿತ್ರ ಬರೆಯಲು ಮಾತ್ರ ಬಾರದು. ಹಲಗೆಯ ಮೇಲಿನ ನನ್ನ ಡೈನೋಸಾರ್ ನೋಡಿ ಮುಂದಿನ ಸಾಲಿನ ರೇಣುಕಾ, "ಟೀಚರ್, ನಮ್ಮ ಎಮ್ಮಿ ಕುತ್ತಿಗಿ ಎಳದಂಗ ಆಗೇತ್ರಿ" ಎಂದು ಎಲ್ಲರನ್ನೂ ನಗಿಸಿದ್ದಳು. ನಾನೂ ನಕ್ಕೆ. ಇಂಥದನ್ನು ಮಕ್ಕಳು ಕೈಯಿಂದಲೇ ಕಲಿಯಲೆಂದು ಮನೆಗೆಲಸ ಕೊಟ್ಟೆ: ಮಣ್ಣಿನಲ್ಲಿ ಒಂದು ಪ್ರಾಣಿ ಮಾಡಬೇಕು, ಅದೇ ಮಣ್ಣಿನ ಬಿಲ್ಲೆಯೊಂದಕ್ಕೆ ಎಲೆ ಒತ್ತಿ ಪಳೆಯುಳಿಕೆ ಮಾಡಬೇಕು. "ಅಂಗಡ್ಯಾಗಿಂದು ಏನೂ ಬ್ಯಾಡ. ಕೆರಿ ಜೇಡಿಮಣ್ಣ ತರ್ರಿ, ಬಿರಿಯಂಗಿಲ್ಲ" ಎಂದೆ. ಎಂಥ ಉಪಾಯ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಬತ್ತಿದ ಕೆರೆಯಲ್ಲಿ ಇಟ್ಟಿಗೆಗೆಂದು ಮಣ್ಣು ತೆಗೆದ ಆಳದ ಗುಂಡಿಗಳಿದ್ದವು. ದಿನವೂ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದೆ. ನೆನಪಾಗಲಿಲ್ಲ.

ಭಾನುವಾರ ರೇಣುಕಾಳ ಅವ್ವ ಶಾಂತವ್ವ, ಮಗಳನ್ನು ದಂಡೆಯ ಮೇಲೆ ನಿಲ್ಲಿಸಿ, ಬುಟ್ಟಿ ಹಿಡಿದು ಗುಂಡಿಗೆ ಇಳಿದಳು. ಬುಡದಲ್ಲಿ ಕೆತ್ತುತ್ತಿದ್ದಾಗ ಮೇಲಿನ ಮಣ್ಣು ಕುಸಿಯಿತು. ಜನ ಬಂದು ಸರಿಸುವಷ್ಟರಲ್ಲಿ ಉಸಿರಿರಲಿಲ್ಲ.

ಮರುದಿನ ಅವರ ಮನೆಗೆ ಹೋದೆ. ಅವಳ ಗಂಡ ಬಸಪ್ಪ, "ಮನಿ ಹಿತ್ತಲದಾಗ ಮಣ್ಣ ಇತ್ತಲ್ರಿ ಟೀಚರ್. ಕೆರಿಗೆ ಯಾಕ ಹೋದ್ಲು?" ಎಂದು ನನ್ನನ್ನೇ ಕೇಳಿದ. ಹೇಳಬೇಕಿತ್ತು. ಹೇಳದೆ ಎದ್ದೆ. ಬಾಗಿಲಲ್ಲಿ ನಿಂತ ರೇಣುಕಾ ನನ್ನನ್ನೇ ನೋಡುತ್ತಿದ್ದಳು. ಆ ವರ್ಷವೇ ಹಿರೇಕೆರೂರಿಗೆ ವರ್ಗ ಮಾಡಿಸಿಕೊಂಡೆ. ಮತ್ತೆ ಆ ಕಡೆ ಕಾಲಿಡಲಿಲ್ಲ.

ಇಷ್ಟು ವರ್ಷಗಳ ಮೇಲೆ, ನಿನ್ನೆ ಹೋದೆ. ಹಳ್ಳಿಗೆ ಹತ್ತಿರದ ಅಕ್ಕಿಆಲೂರಿನಲ್ಲಿ ಇಳಿದು ವಿಚಾರಿಸಿದರೆ, ರೇಣುಕಾ ಅಲ್ಲೇ ಮನೆ ಮಾಡಿ, ಅಪ್ಪನನ್ನು ಜೊತೆಗಿಟ್ಟುಕೊಂಡು ಬಟ್ಟೆ ಹೊಲಿಯುತ್ತಾಳೆಂದು ತಿಳಿಯಿತು. ಮನೆ ಹುಡುಕಿಕೊಂಡು ಹೋದಾಗ ಹೊಲಿಗೆಯಿಂದ ತಲೆಯೆತ್ತಿ ಗುರುತು ಹಿಡಿದಳು. ಬಾಗಿಲಲ್ಲೇ ನಿಂತು, ತಪ್ಪು ನನ್ನದೆಂದೆ.

"ಹಿತ್ತಲ ಮಣ್ಣ ಸಾಕಂತ ಟೀಚರ್ ಹೇಳಿದ್ರು, ನಾನ ಹಟಾ ಮಾಡಿ ಅವ್ವನ್ನ ಕರಕೊಂಡ ಹೋದ್ನಿ ಅಂತ ಅವತ್ತ ನೀವು ಹೋದ ಮ್ಯಾಲ ಅಪ್ಪಗ ಹೇಳೇನ್ರಿ" ಎಂದಳು.

"ಯಾಕ ಹಂಗ ಹೇಳಿದಿ?"

"ನಿಮಗ ಬೈತಾನಂತ ಅಂಜಿಕಿ ಬಂತು. ನೀವಂದ್ರ ಭಾಳ ಪ್ರೀತಿ ಇತ್ರಿ ನನಗ." ದಾರ ಕಡಿದು ಬಟ್ಟೆ ಮಡಚಿದಳು. "ಎರಡ ವರ್ಷ ಅಪ್ಪ ನನ್ನ ಕೂಡ ಮಾತಾಡ್ಲಿಲ್ರಿ."

ಅವಳು ಎದ್ದು ಒಳಗಿನ ಕೋಣೆಯ ಪರದೆ ಸರಿಸಿದಳು. "ಅಪ್ಪ ಎಚ್ಚರ ಅದಾನ. ಹೇಳ್ರಿ."

ಹೇಳಿದೆ, ನಿಂತೇ, ಒಂದನ್ನೂ ಬಿಡದೆ. ಬಸಪ್ಪ ನನ್ನತ್ತ ನೋಡಲಿಲ್ಲ. ಮಂಚದ ಮೇಲೆ ಸರಿದು ಜಾಗ ಮಾಡಿ, "ರೇಣುಕಾ, ಇಲ್ಲಿ ಬಾ" ಎಂದ. ಅವಳು ಹೋಗಿ ಕೂತಳು. ನಾನು ಸದ್ದಾಗದಂತೆ ಹೊರಗೆ ಬಂದೆ.