ಲೋವೆಲ್ ಮೇಷ್ಟ್ರು ಊದಿದ ಎರಡು ನಿಮಿಷ

ಗೋಧಿ ಬಯಲಿನ ಪುಟ್ಟ ಊರು ಸೋಲ್‌ಬರ್ಗಿಗೆ ಬಂದು ಲೋವೆಲ್ ಟ್ವೇಟ್ ಎಲ್ಲಿ ಅಂತ ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಾರೆ. ಬ್ಯಾಂಡ್ ಮೇಷ್ಟ್ರು ಅಂದರೆ ಮಾತ್ರ ಮನೆ ಬಾಗಿಲಿಗೇ ಕರೆದುಕೊಂಡು ಹೋಗಿ ಬಿಡುತ್ತಾರೆ. ಮೂವತ್ತನಾಲ್ಕು ವರ್ಷದಿಂದ ಅದೇ ಶಾಲೆ, ಬಾಯ್ಲರ್ ಪಕ್ಕದ ಅದೇ ಕೋಣೆ. ಊರಿನಲ್ಲಿ ಐವತ್ತು ದಾಟದವರೆಲ್ಲ ಒಂದಲ್ಲ ಒಂದು ಕಾಲಕ್ಕೆ ಅವರೆದುರು ಕೂತು ಏನನ್ನಾದರೂ ಊದಿದವರೇ, ಇಲ್ಲ ಬಾರಿಸಿದವರೇ. ಗೋಧಿ ಗೋದಾಮಿನ ಮ್ಯಾನೇಜರ್ ಈಗಲೂ ಅವರನ್ನು ಕಂಡರೆ, "ಮೇಷ್ಟ್ರೇ, ಟ್ರಂಬೋನ್ ಅಟ್ಟದ ಮೇಲಿದೆ, ಇಳಿಸ್ಲಾ?" ಅಂತ ಹೆದರಿಸುತ್ತಾನೆ. "ಬೇಡಪ್ಪಾ, ಹಸುಗಳು ಹಾಲು ಕೊಡೋದು ನಿಲ್ಲಿಸ್ಬಿಡ್ತವೆ," ಅಂತ ಮೇಷ್ಟ್ರು ಕೈ ಮುಗಿಯದಿದ್ದರೂ ಮುಗಿದ ಹಾಗೇ ಹೇಳುತ್ತಾರೆ.

ಅವರ ಸ್ವಂತ ವಾದ್ಯ ಫ್ರೆಂಚ್ ಹಾರ್ನ್. ಬಸ್ಸಿನ ಹಾರ್ನ್ ಅಲ್ಲ ಮತ್ತೆ! ಸುರುಳಿ ಸುತ್ತಿದ ಹಿತ್ತಾಳೆಯ ಕೊಳವೆ, ಅಗಲ ಬಾಯಿ, ಆ ಬಾಯೊಳಗೆ ಬಲಗೈ ತೂರಿಸಿ ಊದಬೇಕು. ಬ್ಯಾಂಡಿನಲ್ಲಿ ಅದರಷ್ಟು ಮೊಂಡು ವಾದ್ಯ ಇನ್ನೊಂದಿಲ್ಲ; ತುಟಿ ಕೂದಲೆಳೆಯಷ್ಟು ತಪ್ಪಿದರೆ ಬೇರೆ ಸ್ವರವೇ ಬಂದು ಕೂರುತ್ತದೆ. ಮೇಷ್ಟ್ರಿಗೆ ಹದಿನೇಳು ವರ್ಷವಾಗಿದ್ದಾಗ ರಾಜ್ಯದ ಆನರ್ ಬ್ಯಾಂಡಿಗೆ ಅರ್ಜಿ ಹಾಕಿದ್ದರು. ಇಡೀ ರಾಜ್ಯದ ಶಾಲೆಗಳಿಂದ ಆರಿಸಿದ ಮಕ್ಕಳು, ವಿಶ್ವವಿದ್ಯಾಲಯದ ವೇದಿಕೆ, ಕೊನೆಗೆ ವಿಶ್ವವಿದ್ಯಾಲಯದ ಬ್ಯಾಂಡಿನ ಜೊತೆಗೇ ಕೂತು ಊದುವ ಭಾಗ್ಯ. ಮೇಷ್ಟ್ರಿಗೆ ಸಿಕ್ಕಿದ್ದು ಬದಲಿ ವಾದಕನ ಸ್ಥಾನ. ಯಾರಾದರೂ ಕಾಯಿಲೆ ಬಿದ್ದರೆ ಕರೆಯುತ್ತೇವೆ ಅಂದರು. ಹಾಳಾದವರು, ಆ ವರ್ಷ ಒಬ್ಬರಿಗೂ ನೆಗಡಿ ಕೂಡ ಆಗಲಿಲ್ಲ.

ತಾವು ಹೋಗದ ಆ ವೇದಿಕೆಗೆ ತಮ್ಮ ಶಾಲೆಯ ಒಂದು ಮಗುವನ್ನಾದರೂ ಕಳಿಸಬೇಕು ಅಂತ ಮೂವತ್ತನಾಲ್ಕು ವರ್ಷ ಕಾದರು. ಒಬ್ಬರೂ ಹೋಗಲಿಲ್ಲ. ಶಾಲೆಯ ಬ್ಯಾಂಡಿನಲ್ಲಿ ಈಗ ಉಳಿದವರು ಹತ್ತೊಂಬತ್ತು ಜನ. ಮೇಷ್ಟ್ರು ನಿವೃತ್ತಿಯಾದ ಮೇಲೆ ಬ್ಯಾಂಡನ್ನು ಪಕ್ಕದೂರಿನ ಶಾಲೆಗೆ ಸೇರಿಸಿಬಿಡೋಣ ಅಂತ ಶಾಲಾ ಮಂಡಳಿಯಲ್ಲಿ ಮಾತು ಎದ್ದಿತ್ತು. ಆಗ ಅವರ ಕೈಯಲ್ಲಿದ್ದದ್ದು ಬ್ರಿನ್ ಓಡೆಗಾರ್ಡ್ ಎಂಬ ಹುಡುಗಿ. ಹದಿನಾರು ವರ್ಷ, ಹಾರ್ನು, ಹಟ. ಐದನೇ ಕ್ಲಾಸಿನಿಂದ ಆರು ವರ್ಷ ಮೇಷ್ಟ್ರ ಎದುರಿಗೇ ಕೂತು ಕಲಿತವಳು.

ನವೆಂಬರಿನ ಒಂದು ಶುಕ್ರವಾರ. ಈಗ ಯಾರೂ ಆನರ್ ಬ್ಯಾಂಡಿನ ಪರೀಕ್ಷೆಗೆ ಊರೂರು ಅಲೆಯುವುದಿಲ್ಲ. ಮಕ್ಕಳು ಊದಿದ್ದನ್ನು ರೆಕಾರ್ಡ್ ಮಾಡಿ ಮೇಷ್ಟ್ರೇ ಕಂಪ್ಯೂಟರಿನಲ್ಲಿ ಕಳಿಸಬೇಕು, ಇದು ಈ ಮಗುವೇ ಊದಿದ್ದು ಅಂತ ಕೆಳಗೆ ತಮ್ಮ ಹೆಸರು ಹಾಕಬೇಕು. ಐದು ಗಂಟೆಗೆ ಗಡುವು. ಬ್ರಿನ್ ಮೂರು ಗಂಟೆಗೆ ಪರೀಕ್ಷೆಗೆ ಗೊತ್ತುಮಾಡಿದ ಎರಡು ನಿಮಿಷದ ಪಾಠವನ್ನು ನಾಲ್ಕು ಸಲ ಊದಿದಳು. ನಾಲ್ಕು ಸಲವೂ ಮೇಲಿನ ಸ್ವರ ಒಡೆಯಿತು. ಹೊರಗೆ ಅವಳ ಬಾಸ್ಕೆಟ್‌ಬಾಲ್ ತಂಡದ ಬಸ್ಸು ಕೂಗುತ್ತಿತ್ತು.

"ನಾಲ್ಕರಲ್ಲಿ ಯಾವ್ದು ಚೆನ್ನಾಗಿದ್ಯೋ ಅದನ್ನ ಕಳಿಸ್ಬಿಡಿ ಮೇಷ್ಟ್ರೇ," ಅಂತ ಬ್ರಿನ್ ಚೀಲ ಹೆಗಲಿಗೇರಿಸಿ ಓಡಿದಳು.

ಮೇಷ್ಟ್ರು ಮೂರನೆಯದನ್ನು ಆರಿಸಿದರು. ಕೇಳಿದರು. ಮತ್ತೆ ಕೇಳಿದರು. ಒಡೆದ ಆ ಒಂದು ಸ್ವರದಲ್ಲಿ ಅವರಿಗೆ ತಮ್ಮ ಹದಿನೇಳನೇ ವರ್ಷವೇ ಕೇಳಿಸಿತೋ ಏನೋ, ಕಪಾಟಿನಿಂದ ತಮ್ಮ ಹಾರ್ನ್ ತೆಗೆದರು. ಆ ಒಂದು ಸಾಲು ಮಾತ್ರ ಸರಿಮಾಡೋಣ ಅಂದುಕೊಂಡವರು ಇಡೀ ಪಾಠ ಊದಿ ರೆಕಾರ್ಡ್ ಮಾಡಿದರು. ತಪ್ಪೇ ಇಲ್ಲದ ಎರಡು ನಿಮಿಷ. ನಾಲ್ಕೂ ಮುಕ್ಕಾಲಿಗೆ ಅದನ್ನೇ ಕಳಿಸಿ, ಕೆಳಗೆ ಹೆಸರು ಹಾಕಿದರು. ಶಾಲೆಯ ಬ್ಯಾಂಡ್ ಉಳಿಸಲು ಹಾಗೆ ಮಾಡಿದೆ ಅಂತ ತಮಗೆ ತಾವೇ ಹೇಳಿಕೊಂಡರು. ಸುಳ್ಳು. ಆಸೆಗೆ ಮಾಡಿದ್ದು.

ಕ್ರಿಸ್‌ಮಸ್ಸಿಗೆ ಮುಂಚೆ ಫಲಿತಾಂಶ ಬಂತು. ಬ್ರಿನ್ ಓಡೆಗಾರ್ಡ್, ಹಾರ್ನ್, ಮೊದಲ ಕುರ್ಚಿ! ಹೇಗೋ ಹಿಂದಿನ ಸಾಲಿನಲ್ಲಿ ಒಂದು ಜಾಗ ಸಿಕ್ಕರೆ ಸಾಕು ಅಂದುಕೊಂಡಿದ್ದ ಮೇಷ್ಟ್ರ ಎದೆ ಧಸಕ್ಕೆಂದಿತು. ಮೊದಲ ಕುರ್ಚಿ ಅಂದರೆ ಒಂಟಿಯಾಗಿ ಊದುವ ಸೋಲೋ ಭಾಗವೆಲ್ಲ ಅವಳದ್ದೇ. ಗೋದಾಮಿನ ಮುಂದಿನ ಬೋರ್ಡಿನಲ್ಲಿ ಗೋಧಿಯ ದರ ಅಳಿಸಿ ಅವಳ ಹೆಸರು ಬರೆದರು. ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ, ಬಾದಾಮಿ ಬಾರ್, ಒಲೆಯಲ್ಲಿ ಬೇಯಿಸಿದ ಮೂರು ತರದ ಹಾಟ್‌ಡಿಶ್. ಬ್ರಿನ್ನಳ ತಾಯಿ ಜನೆಲ್ ಎಲ್ಲರೆದುರೇ ಮೇಷ್ಟ್ರನ್ನು ತಬ್ಬಿಕೊಂಡು ಅತ್ತಳು. ಮೇಷ್ಟ್ರು ತಟ್ಟೆ ಹಿಡಿದುಕೊಂಡು ನಿಂತೇ ಇದ್ದರು.

ಹೇಳಿಬಿಡಬಹುದಿತ್ತು. ಡಿಸೆಂಬರಿನಲ್ಲಿ ಹೇಳಬಹುದಿತ್ತು, ಜನವರಿಯಲ್ಲಿ ಹೇಳಬಹುದಿತ್ತು. ಅದರ ಬದಲು ದಿನಾ ಬೆಳಿಗ್ಗೆ ಏಳಕ್ಕೆ ಅವಳನ್ನು ಕರೆಸಿ, ಆ ಮೇಲಿನ ಸ್ವರವನ್ನು ತಿದ್ದಿಸಿದರು. ಅವಳು ಮೊದಲ ಕುರ್ಚಿಗೆ ತಕ್ಕವಳಾಗಿಬಿಟ್ಟರೆ ತಮ್ಮ ತಪ್ಪು ತಪ್ಪೇ ಅಲ್ಲ ಅಂತ ಲೆಕ್ಕ. ಪಾಪ ಹುಡುಗಿ, ತುಟಿ ಮರಗಟ್ಟುವವರೆಗೂ ಊದಿದಳು.

ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯದಲ್ಲಿ ಮೂರು ದಿನದ ತಾಲೀಮು, ಶನಿವಾರ ಸಂಜೆ ಕಾನ್ಸರ್ಟ್. ಮಕ್ಕಳನ್ನು ಕಳಿಸಿದ ಮೇಷ್ಟ್ರುಗಳು ಸಭಾಂಗಣದಲ್ಲಿ ಕೂತು ತಾಲೀಮು ಕೇಳಬಹುದು. ಶನಿವಾರ ಬೆಳಿಗ್ಗೆ ಲೋವೆಲ್ ಮೇಷ್ಟ್ರು ಹನ್ನೊಂದನೇ ಸಾಲಿನಲ್ಲಿ ಕೋಟು ಬಿಚ್ಚದೆ ಕೂತಿದ್ದರು. ಬ್ರಿನ್ ಸೋಲೋ ಊದಿದಳು. ಒಡೆಯಿತು. ಇನ್ನೊಮ್ಮೆ ಊದಿದಳು. ಮತ್ತೆ ಒಡೆಯಿತು. ಅವಳ ಪಕ್ಕದಲ್ಲಿ ಕೂತಿದ್ದ ವಿಶ್ವವಿದ್ಯಾಲಯದ ಹುಡುಗ ನೆಲ ನೋಡಿದ.

ಬ್ಯಾಂಡ್ ನಡೆಸುತ್ತಿದ್ದ ಪ್ರೊಫೆಸರ್ ಮಾರ್ಸಿಯಾ ಪ್ರೂಯಿಟ್ ಒಳ್ಳೆಯ ಹೆಂಗಸು. ಒಳ್ಳೆಯತನವೇ ಆವತ್ತು ಕೆಲಸ ಕೆಡಿಸಿತು. "ಬ್ರಿನ್, ನಿನಗೆ ಬರುತ್ತೆ ಕಣಮ್ಮಾ, ಭಯ ಅಷ್ಟೇ," ಅಂದರು. "ನೀನು ಕಳಿಸಿದ್ದನ್ನ ಇಟ್ಕೊಂಡಿದೀನಿ. ನಿನ್ನನ್ನ ನೀನೇ ಒಂದ್ಸಲ ಕೇಳು. ಎಲ್ಲರೂ ಕೇಳಿ, ಈ ಹುಡುಗಿ ಉಸಿರನ್ನ ಹೇಗೆ ಕಾಪಾಡ್ಕೋತಾಳೆ ಅಂತ."

ಸ್ಪೀಕರಿನಲ್ಲಿ ಹಾರ್ನ್ ಕೇಳಿಸಿತು. ಮಕ್ಕಳು ತಲೆದೂಗಿದರು. ಉದ್ದನೆಯ ಸಾಲು ಊದುವ ಮುಂಚೆ ಮೇಷ್ಟ್ರು ಯಾವಾಗಲೂ ಸಣ್ಣಗೆ ಎರಡು ಸಲ ಮೂಗೆಳೆಯುತ್ತಾರೆ. ಅದು ಅವರಿಗೇ ಗೊತ್ತಿರಲಿಲ್ಲ. ಆರು ವರ್ಷ ಎದುರಿಗೆ ಕೂತವಳಿಗೆ ಗೊತ್ತಿತ್ತು. ಸ್ಪೀಕರಿನಲ್ಲಿ ಮೂಗೆಳೆದ ಸದ್ದು ಬಂತು, ಎರಡು ಸಲ. ಬ್ರಿನ್ ತಲೆ ಎತ್ತಿ ಕತ್ತಲೆಯ ಸಾಲುಗಳಲ್ಲಿ ಅವರನ್ನು ಹುಡುಕಿದಳು. ಮೇಷ್ಟ್ರಿಗೆ ನೆಲ ಬಾಯಿಬಿಟ್ಟು ನುಂಗಿದ್ದರೆ ಸಾಕಾಗಿತ್ತು.

ಬಿಡುವಿನಲ್ಲಿ ಅವಳು ಹೊರಗಿನ ಓಣಿಯಲ್ಲಿ, ಸೋಡಾ ಯಂತ್ರದ ಪಕ್ಕ ನಿಂತಿದ್ದಳು. ಅತ್ತಿರಲಿಲ್ಲ.

"ಅದು ನೀವು," ಅಂದಳು.

"ಬ್ರಿನ್, ನಾನು..."

"ನನ್ನದು ಅಂದ್ಕೊಂಡೇ ಎರಡು ತಿಂಗಳಿಂದ ಮೆರೀತಿದೀನಿ. ಅಜ್ಜಿ ನರ್ಸಿಂಗ್ ಹೋಮಲ್ಲಿ ಎಲ್ಲರಿಗೂ ನನ್ನ ಹೆಸರು ಬಂದ ಪೇಪರ್ ತೋರಿಸ್ತಾಳೆ."

"ಸಂಜೆ ಕಾನ್ಸರ್ಟ್ ಒಂದು ಮುಗೀಲಿ. ನಾನೇ ಪ್ರೂಯಿಟ್ ಮೇಡಂಗೆ ಎಲ್ಲಾ ಹೇಳ್ತೀನಿ."

"ಅಲ್ಲೀತನಕ ಆ ಸೋಲೋ ಯಾರು ಊದ್ತಾರೆ? ನೀವು ಬಂದು ನನ್ನ ಹಿಂದೆ ಬಚ್ಚಿಟ್ಕೊಂಡು ಊದ್ತೀರಾ?"

ಅರವತ್ತೊಂದು ವರ್ಷದ ಮನುಷ್ಯ, ಹದಿನಾರರ ಹುಡುಗಿಯ ಮುಂದೆ ಕೈ ಹಿಸುಕುತ್ತಾ ನಿಂತರು. ಆಗಲೇ ಒಳಗೆ ಹೋಗಿ ಹೇಳಬಹುದಿತ್ತು, ಹತ್ತೇ ಹೆಜ್ಜೆ. ಹೋಗಲಿಲ್ಲ. ಬ್ರಿನ್ನೇ ಹೋದಳು. ತುಟಿ ಬಾತಿದೆ, ನನ್ನನ್ನು ಕೊನೆಯ ಕುರ್ಚಿಗೆ ಹಾಕಿ, ಅಂತ ಪ್ರೊಫೆಸರಿಗೆ ಹೇಳಿದಳು. ಮೇಷ್ಟ್ರ ಹೆಸರನ್ನು ಎತ್ತಲೇ ಇಲ್ಲ.

ಸಂಜೆ ಶಾಲೆಯ ಬಸ್ಸಿನಲ್ಲಿ ಸೋಲ್‌ಬರ್ಗಿನಿಂದ ಹನ್ನೊಂದು ಜನ ಬಂದಿಳಿದರು, ಹಿಮದಲ್ಲಿ ಮೂರು ಗಂಟೆಯ ದಾರಿ. ಜನೆಲ್ ಮೇಷ್ಟ್ರ ಪಕ್ಕದಲ್ಲೇ ಕೂತಳು. ಮೊದಲು ವಿಶ್ವವಿದ್ಯಾಲಯದ ಬ್ಯಾಂಡ್ ಊದಿತು, ಆಮೇಲೆ ಮಕ್ಕಳದ್ದು, ಕೊನೆಯ ತುಣುಕಿಗೆ ಎರಡೂ ಸೇರಿ ನೂರೈವತ್ತು ಜನ ವೇದಿಕೆ ತುಂಬಿ ಕೂತರು, ಒಬ್ಬ ದೊಡ್ಡವನ ಪಕ್ಕ ಒಂದು ಮಗು, ಇಬ್ಬರಿಗೂ ಒಂದೇ ಸ್ವರಪುಸ್ತಕ. ಹಾರ್ನಿನ ಮೊದಲ ಕುರ್ಚಿಯಲ್ಲಿ ಬೇರೆ ಊರಿನ ಹುಡುಗಿ. ಸೋಲೋ ನೀರು ಕುಡಿದಷ್ಟು ಸಲೀಸಾಗಿ ಊದಿದಳು. ಬ್ರಿನ್ ಸಾಲಿನ ಕೊನೆಯಲ್ಲಿ, ತಬಲದಂಥ ದೊಡ್ಡ ಡ್ರಮ್ಮುಗಳ ಮರೆಯಲ್ಲಿ ಅರ್ಧ ಮಾತ್ರ ಕಾಣುತ್ತಿದ್ದಳು.

ಚಪ್ಪಾಳೆ ಎದ್ದಿತು. ಜನೆಲ್ ಮೇಷ್ಟ್ರ ಕಡೆ ಬಾಗಿದಳು. "ತುಟಿ ಬಾತಿದ್ಯಂತೆ, ಮೆಸೇಜ್ ಹಾಕಿದ್ಲು. ಏನೋಪ್ಪ, ನಂಗೇನೋ ಹೆದರಿಬಿಟ್ಲು ಅನ್ಸುತ್ತೆ. ಅವರಪ್ಪನ ಹಾಗೇ, ಸಮಯಕ್ಕೆ ಸರಿಯಾಗಿ ಕೈ ಕೊಡೋದು. ತಪ್ಪು ತಿಳ್ಕೋಬೇಡಿ ಮೇಷ್ಟ್ರೇ, ನೀವು ಇಷ್ಟು ಕಷ್ಟಪಟ್ರಿ."

ಇವಳು ತಮ್ಮಲ್ಲಿ ಕ್ಷಮೆ ಕೇಳುತ್ತಿದ್ದಾಳೆ!

ಅಷ್ಟರಲ್ಲಿ ಪ್ರೊಫೆಸರ್ ಪ್ರೂಯಿಟ್ ಮೈಕ್ ಹಿಡಿದು, ಪ್ರತಿ ವರ್ಷದ ಪದ್ಧತಿಯಂತೆ, ಈ ಮಕ್ಕಳನ್ನು ತಯಾರು ಮಾಡಿದ ಮೇಷ್ಟ್ರುಗಳೆಲ್ಲ ದಯವಿಟ್ಟು ಎದ್ದು ನಿಲ್ಲಿ ಅಂದರು. ಅಲ್ಲೊಬ್ಬರು ಇಲ್ಲೊಬ್ಬರು ಎದ್ದರು. ಕೈಯಲ್ಲಿ ವಾದ್ಯ ಇರುವುದರಿಂದ ಬ್ಯಾಂಡಿನವರು ಚಪ್ಪಾಳೆ ತಟ್ಟುವುದಿಲ್ಲ, ಕಾಲು ಬಡಿಯುತ್ತಾರೆ. ನೂರೈವತ್ತು ಜೋಡಿ ಕಾಲು ವೇದಿಕೆಯ ಹಲಗೆಯನ್ನು ಗುಡುಗಿಸಿದವು. ಮೇಷ್ಟ್ರು ಕೂತೇ ಇದ್ದರು.

"ಏಳಿ ಮೇಷ್ಟ್ರೇ! ನಾಚ್ಕೆ ಯಾಕೆ?" ಜನೆಲ್ ತೋಳು ಹಿಡಿದು ಎಳೆದಳು.

"ಆ ರೆಕಾರ್ಡಿಂಗ್ ಅವಳದ್ದಲ್ಲ ಜನೆಲ್," ಅಂದರು ಮೇಷ್ಟ್ರು.

"ಏನು? ಕೇಳಿಸ್ತಿಲ್ಲ!"

"ಅವಳದ್ದಲ್ಲ!"

"ಜೋರಾಗಿ ಹೇಳಿ!"

ಮೇಷ್ಟ್ರು ಎದ್ದು, ಅವಳ ಕಿವಿಯ ಕಡೆಗೆ ಬಾಗಿ, ಗಂಟಲೆತ್ತಿ ಹೇಳಿದರು. ಅದೇ ಗಳಿಗೆಗೆ ಪ್ರೊಫೆಸರ್ ಕೈ ಎತ್ತಿದ್ದರು, ಕಾಲುಗಳೆಲ್ಲ ನಿಂತಿದ್ದವು. "ಬ್ರಿನ್ ಊದಿದ್ದನ್ನ ನಾನು ಕಳಿಸ್ಲೇ ಇಲ್ಲ, ನಾನೇ ಊದಿ ಕಳಿಸ್ದೆ!" ಅನ್ನುವುದು ಹನ್ನೊಂದನೇ ಸಾಲಿನಿಂದ ವೇದಿಕೆಯವರೆಗೂ ಸ್ಪಷ್ಟವಾಗಿ ಕೇಳಿಸಿತು. ಸೋಲ್‌ಬರ್ಗಿನ ಹನ್ನೊಂದು ಜನ ಒಟ್ಟಿಗೇ ತಿರುಗಿ ನೋಡಿದರು. ಗೋದಾಮಿನ ಮ್ಯಾನೇಜರ್ ಟೋಪಿ ಕೈಯಲ್ಲಿ ಹಿಡಿದು ಬಾಯಿ ತೆರೆದೇ ಕೂತಿದ್ದ. ಜನೆಲ್ ಹಿಡಿದಿದ್ದ ತೋಳನ್ನು ಮೆಲ್ಲಗೆ ಬಿಟ್ಟಳು.

ಲಾಬಿಯಲ್ಲಿ ಪ್ರೊಫೆಸರ್ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಆ ಹುಡುಗಿ ಊದಿದ್ದು ನಿಮ್ಮ ಹತ್ರ ಇದ್ಯಾ?" ಅಂತ ಕೇಳಿದರು. ಇದೆ ಅಂದರು ಮೇಷ್ಟ್ರು. "ಹಾಗಾದ್ರೆ ಸೋಮವಾರ ಅದನ್ನ ಕಳಿಸಿ," ಅಂದು ಹೊರಟುಹೋದರು. ಜನೆಲ್ ಮಗಳ ಹೆಗಲ ಮೇಲೆ ಕೈ ಹಾಕಿ ಬಸ್ಸಿನ ಕಡೆ ನಡೆದಳು. ಮೇಷ್ಟ್ರು ಹಿಂದೆ ತಮ್ಮ ಕಾರಿನಲ್ಲಿ, ಬಸ್ಸಿನ ಕೆಂಪು ದೀಪ ನೋಡುತ್ತ ಊರು ಸೇರಿದರು.

ಮಂಡಳಿಗೆ ರಾಜೀನಾಮೆ ಕೊಟ್ಟರು. ಬೇರೆಯವರು ಸಿಗುವವರೆಗೆ, ಮೇ ತಿಂಗಳ ತನಕ ಇರಿ ಅಂದರು. ಅದೇ ದೊಡ್ಡ ಶಿಕ್ಷೆಯಾಯಿತು. ದಿನಾ ಹತ್ತೊಂಬತ್ತು ಜೋಡಿ ಕಣ್ಣು. ಗೋದಾಮಿನ ಮ್ಯಾನೇಜರ್ ಈಗ ಟ್ರಂಬೋನಿನ ಮಾತು ಎತ್ತುವುದಿಲ್ಲ, ನಮಸ್ಕಾರ ಮಾತ್ರ ಹೇಳುತ್ತಾನೆ. ಬ್ರಿನ್ ಕ್ಲಾಸಿಗೆ ಬರುತ್ತಿದ್ದಳು, ಊದುತ್ತಿದ್ದಳು, ಮಾತಾಡುತ್ತಿರಲಿಲ್ಲ.

ಮಾರ್ಚಿನ ಮೊದಲ ವಾರ ಪ್ರೊಫೆಸರ್ ಪ್ರೂಯಿಟ್ ಅವರ ಕಾಗದ ಬಂತು. ಮೇಷ್ಟ್ರು ಬ್ರಿನ್ನಳನ್ನು ಪಾಠ ಮುಗಿದ ಮೇಲೆ ನಿಲ್ಲಿಸಿಕೊಂಡು, ಕಾಗದ ಚಾಚಿದರು. ಅವಳು ತೆಗೆದುಕೊಳ್ಳಲಿಲ್ಲ.

"ನೀವೇ ಓದಿ," ಅಂದಳು.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಓದಿದರು. ಈ ಹುಡುಗಿ ನಿಜವಾಗಿ ಊದಿದ್ದನ್ನು ಹೆಸರು ತೋರಿಸದೆ ಮೂವರು ತೀರ್ಪುಗಾರರಿಗೆ ಕೇಳಿಸಿದೆವು. ಮೇಲಿನ ಸ್ವರ ಒಡೆದಿದ್ದನ್ನು ಮೂವರೂ ಗುರುತಿಸಿದರು. ಆದರೂ ಮೂವರೂ ಇವಳನ್ನು ತೆಗೆದುಕೊಳ್ಳುತ್ತಿದ್ದರು. ಎಂಟು ಕುರ್ಚಿಯಲ್ಲಿ ಐದನೆಯದು ಈ ಹುಡುಗಿಯದಾಗುತ್ತಿತ್ತು.

ಬ್ರಿನ್ ಎದುರಿನ ಕುರ್ಚಿ ಎಳೆದುಕೊಂಡು ಕೂತಳು.

"ಇನ್ನೊಂದ್ಸಲ ಓದಿ," ಅಂದಳು.

ಮೇಷ್ಟ್ರು ಓದಿದರು. ಅವಳು ಇನ್ನೊಂದು ಸಲ ಅಂದಳು. ಅವರು ಮತ್ತೆ ಮೊದಲಿನಿಂದ ಓದಿದರು.