ಗೊಂಬೆ ಮದುವೆಯ ಬೀಗರು, ನಾಲ್ಕೂ ಹತ್ತರ ಬಸ್ಸು

ಅಜ್ಜಿ ನನಗೆ ಮಾತು ಕಲಿಸಿದ್ದು ಗೊಂಬೆ ಮದುವೆಯಲ್ಲಿ. ಆಲಮೇಲದ ನಮ್ಮ ಮನೆಯ ಪಡಸಾಲೆಯಲ್ಲಿ ಚಿಂದಿ ಸುತ್ತಿದ ಎರಡು ಜೋಳದ ದಂಟು, ಒಂದು ಗಂಡು, ಒಂದು ಹೆಣ್ಣು. ಮೊಮ್ಮಕ್ಕಳೆಲ್ಲ ಬೀಗರು. ಅಜ್ಜಿ ಜೋಳ ಹಸನು ಮಾಡುತ್ತ ಕೂತಲ್ಲಿಂದಲೇ ತಿದ್ದುವಳು.

"ಬಂದ ಕೂಡ್ಲೆ ಹೆಣ್ಣು ಕೊಡ್ರಿ ಅಂತ ಯಾರರ ಕೇಳ್ತಾರೇನ? ಮೊದಲ ನೀರು ಕುಡಿ. ಮಳಿ-ಬೆಳಿ ಕೇಳು."

ಹೆಣ್ಣಿನ ಕಡೆಯವಳಾಗಿ ನಾನು ಮಾತಿನಲ್ಲಿ ಗೆದ್ದೆನೆಂದು ಬೀಗುವಷ್ಟರಲ್ಲಿ, "ಏಳು, ಆ ಕಡೆ ಹೋಗಿ ಕುಂಡ್ರು, ಈಗ ನೀ ಗಂಡಿನ ಕಡೆಯಾಕಿ" ಅನ್ನುವಳು. ಆಚೆ ಕೂತ ಮೇಲೆ, ಈಗಷ್ಟೇ ನಾನೇ ಆಡಿದ ಮಾತು ನನಗೇ ಚುಚ್ಚುತ್ತಿತ್ತು.

ಈಗ ನಾನು ಸಿಂದಗಿಯಿಂದ ದೇವರ ಹಿಪ್ಪರಗಿಗೆ ಹೋಗುವ ರಸ್ತೆಯ ಒಂದು ಕ್ರಾಸಿನಲ್ಲಿರುವ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಹೋದ ವರ್ಷ ಹಿಪ್ಪರಗಿ ಕಡೆಯ ಸಂಜೆಯ ಬಸ್ಸಿನ ವೇಳೆ ಬದಲಾಯಿತು. ನಾಲ್ಕೂವರೆಗೆ ಶಾಲೆ ಬಿಡುತ್ತದೆ, ಬಸ್ಸು ನಾಲ್ಕೂ ಹತ್ತಕ್ಕೇ ಹೋಗಿಬಿಡುತ್ತದೆ. ಮುಂದಿನ ಬಸ್ಸು ಬರುವ ಹೊತ್ತಿಗೆ ಕತ್ತಲು. ಹತ್ತನೆಯ ತರಗತಿಯ ಒಬ್ಬಳು ದಿನಾ ಕೊನೆಯ ಪಿರಿಯಡ್ ಬಿಟ್ಟು ಓಡುತ್ತಿದ್ದಳು. ಅದು ಗಣಿತದ್ದು. ಒಂದು ದಿನ ಕೇಳಿದ್ದಕ್ಕೆ ತಲೆ ತಗ್ಗಿಸಿ ಹೇಳಿದಳು: "ಅರ್ಧಾ ಸಾಲಿ ಕಲಿಯೂದಾದ್ರ ಬಿಟ್ಟು ಮನ್ಯಾಗ ಇರು ಅಂದಾನ್ರಿ ನಮ್ಮಪ್ಪ. ಈ ತಿಂಗಳ ತನಕ ಅಷ್ಟ."

ಬಸ್ಸಿನ ವೇಳೆ ಬದಲಿಸಿರೆಂದು ಬಸ್ ಡಿಪೋದ ಸಾಹೇಬರನ್ನು ಕೇಳುವುದೆಂದಾಯಿತು. ಕೇಳುವವಳು ಅವಳೇ. ಅದಕ್ಕೆ ಮೊದಲು ತರಗತಿಯಲ್ಲಿ ಆಟ ಹೂಡಿದೆ. ನಾನು ಸಾಹೇಬ, ಅವಳು ಅವಳೇ. ಕೈಕಟ್ಟಿ ನಿಂತು ಶುರು ಮಾಡಿದಳು: "ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ..."

ನಾನೇ ಕಲಿಸಿದ ಪತ್ರಲೇಖನ! ನಗು ತಡೆದುಕೊಂಡು, "ಅರ್ಜಿ ಅಲ್ಲಿಟ್ಟು ಹೋಗವಾ" ಅಂದೆ. ಅವಳ ಕಣ್ಣು ತುಂಬಿತು. ಆಗ ಅಜ್ಜಿ ನೆನಪಾದಳು. ನನ್ನ ಕುರ್ಚಿಯಿಂದ ಎದ್ದು ಹೇಳಿದೆ: "ಬಾ, ನೀ ಇಲ್ಲಿ ಕುಂಡ್ರು. ನೀ ಸಾಹೇಬ."

ಕುರ್ಚಿ ಮೇಲೆ ಕೂತಾಕ್ಷಣ ಹುಡುಗಿಯ ಗತ್ತೇ ಬೇರೆ. "ನಿಮ್ಮ ಸಲುವಾಗಿ ಬಸ್ ತಡಾ ಬಿಟ್ರ ಹಿಪ್ಪರಗಿ ಮಂದಿಗೆ ಯಾರು ಉತ್ತರಾ ಕೊಡಬೇಕು?" ಎಂದು ನನ್ನನ್ನೇ ಗದರಿದಳು.

"ತಡಾ ಮಾಡಬ್ಯಾಡ್ರಿ ಸಾಹೇಬ್ರ" ಅಂದೆ. "ದಾರ್ಯಾಗ ಬಸ್ ಎಲ್ಲೆರ ಸುಮ್ನ ನಿಲ್ಲತೈತೇನ್ರಿ?"

"ಹ್ಞೂಂ, ಮುಂದಿನ ಊರಾಗ ಚಾಕ್ಕ ಅರ್ಧಾ ತಾಸು..."

ಅಲ್ಲಿಗೇ ನಿಲ್ಲಿಸಿದಳು. ಅವಳಿಗೂ ಹೊಳೆಯಿತು, ನನಗೂ ಹೊಳೆಯಿತು. ಆ ಅರ್ಧ ತಾಸು ನಮ್ಮ ಕ್ರಾಸಿನಲ್ಲೇ ನಿಂತರೆ ಹಿಪ್ಪರಗಿಗೆ ಒಂದು ನಿಮಿಷವೂ ತಡವಿಲ್ಲ. ನಾನು ಚಪ್ಪಾಳೆ ತಟ್ಟಿದೆ. ಅವಳು ಮಾತ್ರ ಕುರ್ಚಿಯಿಂದ ಇಳಿದುಬಿಟ್ಟಳು. ಹಿಂದಿನ ಬೆಂಚಿನ ಗೆಳತಿಯರು ಕಿಸಕ್ಕನೆ ನಕ್ಕರು: "ಅಕ್ಕೋರ, ಆ ಚಾದಂಗಡಿ ಇವರಪ್ಪಂದರಿ!"

ಚಪ್ಪಾಳೆ ತಟ್ಟಿದ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಮಾತು ಕಲಿಸುವ ಹುರುಪಿನಲ್ಲಿ ಅವಳ ಮನೆಯ ಒಲೆಗೇ ನೀರು ಸುರಿಯಹೊರಟಿದ್ದೆ. ಗೊಂಬೆ ಮದುವೆಯಲ್ಲಿ ಅಜ್ಜಿ ಬಿಡದೆ ನಡೆಸುತ್ತಿದ್ದ ಇನ್ನೊಂದು ಪದ್ಧತಿಯಿತ್ತು. ಆಟ ಮುಗಿದಾಗ ಎರಡೂ ಕಡೆಯವರ ಉಡಿಗೆ ಏನಾದರೂ ಬೀಳಲೇಬೇಕು. ಒಂದು ಉಂಡೆ ಬೆಲ್ಲವಾದರೂ ಸರಿ. ಇಲ್ಲದಿದ್ದರೆ ಮದುವೆ ಆಗಿಲ್ಲವೆಂದು ಮತ್ತೆ ಆಡಿಸುತ್ತಿದ್ದಳು. ಅಷ್ಟನ್ನು ಹುಡುಗಿಗೆ ಹೇಳಿದೆ.

ಮರುದಿನ ಅವಳು ನಡೆದದ್ದನ್ನು ಹೇಳಿದಳು. ಗಿರಾಕಿ ಇಲ್ಲದ ಹೊತ್ತು ನೋಡಿ ಅಂಗಡಿಯ ಸ್ಟೂಲಿನ ಮೇಲೆ ತಾನು ಕೂತಳಂತೆ. "ಅಪ್ಪಾ, ನೀ ನಾನಾಗು. ನಾ ನೀನಾಗ್ತೇನಿ."

"ಹುಚ್ಚ ಹಿಡದೈತೇನ ನಿನಗ?" ಅಂದರೂ ಅಪ್ಪ ಆಟಕ್ಕೆ ನಿಂತನಂತೆ. ಮಗಳು ಅಪ್ಪನ ದನಿಯಲ್ಲಿ, "ಬಸ್ ಇಲ್ಲಿ ನಿಲ್ಲದಿದ್ರ ಈ ಒಲಿ ಹೊತ್ತೂದು ಹ್ಯಾಂಗ, ಹೇಳು?" ಅಂದಳು. ಅಪ್ಪ ಮಗಳ ದನಿಯಲ್ಲಿ, "ಹಂಗಾರ ನಾ ಸಾಲಿ ಬಿಡ್ಲೇನಪಾ?" ಎಂದವನು ಗ್ಲಾಸು ತೊಳೆಯತೊಡಗಿದನಂತೆ. ತೊಳೆದ ಗ್ಲಾಸುಗಳನ್ನೇ ಮತ್ತೆ ತೊಳೆದು, ಕೊನೆಗೆ ಕೇಳಿದ: "ನಿಮ್ಮ ಕ್ರಾಸಿನ್ಯಾಗ ಚಾದಂಗಡಿ ಐತೇನ?"

"ಬೇವಿನ ಗಿಡಾ ಬಿಟ್ರ ಏನೂ ಇಲ್ಲ."

"ಹಂಗಾರ ಡ್ರೈವರಗ ಚಾ ಯಾರು ಕೊಡ್ತಾರ?"

ಡಿಪೋದಲ್ಲಿ ಅವಳು ಮೊದಲು ಸಾಹೇಬರ ತೊಂದರೆ ಕೇಳಿದಳು, ಆಮೇಲೆ ಚಾದ ಆ ಅರ್ಧ ತಾಸು ನಮ್ಮ ಕ್ರಾಸಿನಲ್ಲೇ ನಿಲ್ಲಲಿ ಎಂದು ತನ್ನದನ್ನು ಹೇಳಿದಳು. "ಹಿಪ್ಪರಗಿಗೆ ಟೈಮಿಗೆ ಮುಟ್ಟಬೇಕು, ಅಷ್ಟ. ಒಂದು ತಿಂಗಳ ನೋಡೂಣು" ಅಂದರು ಸಾಹೇಬರು. ನಾನು ಬಾಗಿಲ ಬಳಿ ನಿಂತಿದ್ದೆ. ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ.

ಮುಂದಿನ ಸೋಮವಾರ, ಅಂಗಡಿಯಲ್ಲಿ ಹೆಂಡತಿಯನ್ನು ಕೂರಿಸಿ, ಯಾರದೋ ಬೈಕಿನ ಹಿಂದೆ ಚಾ ತುಂಬಿದ ದೊಡ್ಡ ಕ್ಯಾಟ್ಲಿ ಹಿಡಿದು ಅಪ್ಪ ಬೇವಿನ ಗಿಡದ ಕೆಳಗೆ ಬಂದಿಳಿದ. ಬಸ್ಸು ಬಂದು ನಿಂತಿತು. ಕೊನೆಯ ಪಿರಿಯಡ್ ನಡೆದಿತ್ತು, ಕಿಟಕಿಯಿಂದ ಅವಳು ಒಮ್ಮೆಯೂ ಹೊರಗೆ ನೋಡಲಿಲ್ಲವೆಂದು ಗಣಿತದ ಮಾಸ್ತರರು ಆಮೇಲೆ ಹೇಳಿದರು. ಗಂಟೆಯಾದ ಮೇಲೆ ನಾನೂ ಹೋಗಿ ಒಂದು ಚಾ ಕೇಳಿದೆ.

"ಏನ್ ಕಲಸ್ತೀರ್ರಿ ಅಕ್ಕೋರ ಸಾಲ್ಯಾಗ?" ಎಂದು ಗ್ಲಾಸು ಕೊಟ್ಟ. "ನನ್ನ ಬಾಯಿಲೇನ ನನ್ನ ಸೋಲಿಸಿದ್ಲು."

ಕಂಡಕ್ಟರ್ ಸೀಟಿ ಊದಿದ. ಅಪ್ಪ-ಮಗಳು ಬಸ್ಸು ಹತ್ತಿ ಕೂತರು. ಖಾಲಿ ಕ್ಯಾಟ್ಲಿ ಮಗಳ ತೊಡೆಯ ಮೇಲಿತ್ತು, ಅವಳ ಪಾಟಿಚೀಲ ಅಪ್ಪನ ಹೆಗಲಿಗಿತ್ತು.