ನೋಡದೆ ಗುಳಿಗೆ ಕೊಡದ ಕರಿಬಸಮ್ಮ

ಬುಕ್ಕಾಪಟ್ಟಣದ ಆಚೆಯ ಹಟ್ಟಿಯಲ್ಲಿ ಕುರಿಗಳು ಇನ್ನೂ ರೊಪ್ಪ ಬಿಟ್ಟಿಲ್ಲ. ಮುಳ್ಳುಬೇಲಿಯ ಹೊರಗೆ, ಹುಣಸೆಮರದ ಬುಡದಲ್ಲಿ ನರ್ಸ್ ಕರಿಬಸಮ್ಮ ಕಂಬಳಿ ಹಾಸಿ ಕೂತಿದ್ದಾರೆ. ಎದುರಿಗೆ ಕೆಂಪಕ್ಕ, ತೋಳಿಗೆ ಪ್ರೆಷರ್ ಪಟ್ಟಿ. ಬೇಲಿಯ ಬಾಗಿಲಲ್ಲಿ ಗಂಡ ಯತ್ತಪ್ಪ ಚಡಪಡಿಸುತ್ತಿದ್ದಾನೆ.

“ಗುಳಿಗೆ ಕೊಟ್ಟು ಹೋಗಬಾರ್ದಾ ನರ್ಸಮ್ಮ? ತಿಂಗಳು ತಿಂಗಳೂ ಅದೇನ್ ನೋಡ್ತೀರಿ, ಸಂತೇಲಿ ಕುರಿ ನೋಡ್ದಂಗೆ!”

“ಕುರಿ ಕೊಳ್ಳುವಾಗ ಹಲ್ಲು ನೋಡ್ತೀಯಲ್ಲಪ್ಪ, ಹೆಂಡ್ತಿ ಅದಕ್ಕಿಂತ ಕಡಿಮೆಯಾ?” ಕರಿಬಸಮ್ಮ ಪಾದರಸದಿಂದ ಕಣ್ಣು ತೆಗೆಯುವುದಿಲ್ಲ. “ನೋಡ್ದೆ ಕೊಡಲ್ಲ. ಬೇಕಾದ್ರೆ ದೂರು ಹೇಳ್ಕೋ ಹೋಗು.”

ಕೆಂಪಕ್ಕನಿಗೆ ಮೂವತ್ತಾರು. ಎರಡು ವರ್ಷದ ಹಿಂದೆ ಹೊಟ್ಟೆಯ ಗೆಡ್ಡೆಯ ಜೊತೆಗೆ ಎರಡೂ ಅಂಡಾಶಯ ತೆಗೆದರು, ಗರ್ಭಕೋಶ ಉಳಿಸಿದರು. ಮುಟ್ಟು ನಿಂತಿತು, ಮೈಯೆಲ್ಲ ಕಾವಲಿಯ ಮೇಲಿಟ್ಟ ಹಾಗೆ ಉರಿ ಶುರುವಾಯಿತು. ಮೈ ತಾನಾಗಿ ಮಾಡಿಕೊಳ್ಳಲಾರದ ರಸವನ್ನು ತುಂಬಿಕೊಡುವ ಹೊಸ ಗುಳಿಗೆ ಆ ಉರಿಯನ್ನು ಇಳಿಸಿದೆ. ಆದರೆ ಅದು ಕಣ್ಣು ಮುಚ್ಚಿ ನುಂಗುವ ಔಷಧವಲ್ಲ. ತೂಕ, ಪ್ರೆಷರು, ಕಾಲಿನ ಬಾವು, ಎದೆಯಲ್ಲಿ ಗಂಟು ಎಲ್ಲ ನೋಡಬೇಕು. ಕೊನೆಗೊಂದು ಪ್ರಶ್ನೆ ಕೇಳಬೇಕು: ರಕ್ತ ಕಂಡಿತೇ?

“ಏನೂ ಇಲ್ಲ ಕಣಮ್ಮ,” ಎನ್ನುತ್ತಾಳೆ ಕೆಂಪಕ್ಕ. ಕರಿಬಸಮ್ಮ ಏಳುವುದಿಲ್ಲ.

ಈ ಹಟ್ಟಿಯಲ್ಲಿ ರಕ್ತ ಕಂಡವಳು ಬೇಲಿಯ ಆಚೆಯ ಗುಡ್ಲಿಗೆ, ಆ ಒಂಟಿ ಗುಡಿಸಲಿಗೆ, ಹೋಗಬೇಕು. ಮಳೆಯಿರಲಿ, ಚಳಿಯಿರಲಿ. “ಒಳಗೆ ಕೇಳಿದ್ರೆ ಎಲ್ಲಾರ್ದೂ ಒಂದೇ ಉತ್ತರ. ಅದಕ್ಕೇ ಮರದ ಕೆಳಗೆ ಕೇಳ್ತೀನಿ. ಮೊದಲ ವರ್ಷ ನಂಬಿ ಕೆಟ್ಟೆ,” ಎನ್ನುತ್ತಾರೆ ಕರಿಬಸಮ್ಮ. ಆ ವರ್ಷ ಪಕ್ಕದ ಹಟ್ಟಿಯ ಕ್ಯಾತಮ್ಮ ಇದೇ ಗುಳಿಗೆ ನುಂಗುತ್ತ, ಐದು ತಿಂಗಳು ರಕ್ತ ಬಚ್ಚಿಟ್ಟಳು. ತಿಳಿಯುವಷ್ಟರಲ್ಲಿ ಗರ್ಭಕೋಶದ ಕ್ಯಾನ್ಸರ್ ಹುಣ್ಣು ಕೈಮೀರಿತ್ತು.

ಕಳ್ಳಂಬೆಳ್ಳದ ಕರಿಬಸಮ್ಮ ಹದಿನೇಳಕ್ಕೆ ಗಂಡನನ್ನು ಕಳೆದುಕೊಂಡವರು. ಮೂಲೆ ಹಿಡಿದು ಕೂರು ಎಂದ ಮಾವನಿಗೆ ಬೆನ್ನು ಹಾಕಿ ನರ್ಸ್ ಕೆಲಸ ಕಲಿತರು. ಇಂಥ ಗುಳಿಗೆಯವರು ಅವರ ಪಾಲಿಗೆ ನಾಲ್ವರು. ಅವರಿಗಾಗಿ ತಿಂಗಳಿಗೆ ನಲವತ್ತು ಮೈಲಿ ನಡೆಯುತ್ತಾರೆ. “ಗುಳಿಗೆ ಹಂಚೋದಷ್ಟೇ ನಿನ್ನ ಕೆಲಸ” ಎಂದ ಮೇಲಿನವರಿಗೆ ಅವರು ಕೊಟ್ಟ ಉತ್ತರ, “ಹಂಚೋಕೆ ಅಂಚೆಯವನು ಸಾಕು ಸ್ವಾಮಿ.”

ಮರದ ಕೆಳಗೆ ಕರಿಬಸಮ್ಮ ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ. ಕಡೆಗೆ ಕೆಂಪಕ್ಕ ಸೆರಗು ಬಾಯಿಗಿಟ್ಟು, “ಆರು ದಿನ ಆತು. ಹೇಳಿದ್ರೆ ಹಟ್ಟಿ ಹೆಂಗಸ್ರು, ಕೊಯ್ಸ್ಕೊಂಡೋಳು ಮತ್ತೆ ಮೈನೆರೆದ್ಲು ಅಂತ ಆರತಿ ಎತ್ತಾರು!” ಎನ್ನುತ್ತಾಳೆ. ನಗು ಅರ್ಧದಲ್ಲೇ ಅಳುವಾಗುತ್ತದೆ.

ಬೇಲಿಯ ಒಳಗೆ ನಿಂತಿದ್ದ ಹಟ್ಟಿಯ ಯಜಮಾನ ಮೂಡಲಗಿರಿಯಪ್ಪನ ಕಿವಿಗೂ ಮಾತು ಬಿದ್ದಿದೆ. “ಅಂಗಾದ್ರೆ ಗುಡ್ಲಿಗೆ ನಡಿಯವ್ವ.”

“ಗುಡ್ಲಿಗಲ್ಲ, ಆಸ್ಪತ್ರೆಗೆ,” ಕರಿಬಸಮ್ಮ ಎದ್ದು ನಿಲ್ಲುತ್ತಾರೆ. “ಗಾಯ ಆದ ಕುರೀನ ಬೇಲಿ ಆಚೆ ಬುಟ್ಟು ಮಲಗ್ತೀರಾ ಯಜಮಾನ್ರೆ? ಇವಳು ಗುಡ್ಲಿಗೆ ಹೋದ್ರೆ ನಾನೂ ಅಲ್ಲೇ ಕೂರ್ತೀನಿ. ನಾಳೆ ತಾಲ್ಲೂಕಿನ ಅಮಲ್ದಾರರು ನನ್ನ ಹುಡುಕ್ಕೊಂಡು ಬರ್ಲಿ, ಅಲ್ಲೇ ಮಾತಾಡಣ.”

ಅಷ್ಟರಲ್ಲಿ ಯತ್ತಪ್ಪ ಬೇಲಿ ದಾಟಿ ಬಂದು ತನ್ನ ಕಂಬಳಿಯನ್ನು ಹೆಂಡತಿಯ ಹೆಗಲಿಗೆ ತಾನೇ ಹೊದಿಸುತ್ತಾನೆ, ಎಲ್ಲರ ಕಣ್ಣೆದುರಿಗೆ. “ಬಸ್ಸಿಗೆ ಹೊತ್ತಾತು, ನಡಿ,” ಅಷ್ಟೇ ಅವನ ಮಾತು.

ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ಗುಳಿಗೆ ನಿಲ್ಲಿಸಿ, ಗರ್ಭಕೋಶದ ಚೂರೊಂದನ್ನು ಪರೀಕ್ಷೆಗೆ ಕಳಿಸುತ್ತಾರೆ. ಎರಡು ವಾರಕ್ಕೆ ಉತ್ತರ ಬರುತ್ತದೆ: ಹುಣ್ಣಿಲ್ಲ. ಗುಳಿಗೆ ಇನ್ನು ಅರ್ಧ ಪ್ರಮಾಣ. ನೋಡುವುದು ಹದಿನೈದು ದಿನಕ್ಕೊಮ್ಮೆ. ಅಂದರೆ ಕರಿಬಸಮ್ಮನಿಗೆ ಇನ್ನಷ್ಟು ನಡಿಗೆ.

ಬಡ್ತಿ ಬೇಡವೇ ಎಂದರೆ ಅವರು ನಗುತ್ತಾರೆ. “ಬಡ್ತಿ ಯಾರಿಗೆ ಬೇಕು? ಒಂದಿನ ಹಟ್ಟಿ ಒಳಗೆ, ಯಜಮಾನ್ರ ಜಗುಲಿ ಮೇಲೇ ಕೂತು ಆ ಪ್ರಶ್ನೆ ಕೇಳ್ಬೇಕು. ‘ಹೂಂ ಕಣಮ್ಮ, ಕಂಡೈತೆ’ ಅಂತ ಕೆಂಪಕ್ಕ ಊರಿಗೆಲ್ಲ ಕೇಳೋ ಹಂಗೆ ಕೂಗ್ಬೇಕು.”